ಹೊಲಕ್ಕೆ ಉತಾರವಿದೆ, ಕಟ್ಟಡಕ್ಕೆ ಏನಿದೆ?

ಬೆಳಗಾವಿ ಜಿಲ್ಲೆಯ ಯಾವ ಊರಿನಲ್ಲಿಯೇ ಆಗಲಿ, ರೈತನೊಬ್ಬನ ಹೊಲದ ಬಗ್ಗೆ ವಿಚಾರಿಸಿದರೆ ಆತ ಮೊದಲು ಮುಂದಿಡುವುದು ಉತಾರವನ್ನು. ಹಳೆಯ ಮೈಸೂರಿನವರು ಪಹಣಿ ಎನ್ನುವುದನ್ನೇ ಈ ಭಾಗದವರು ಉತಾರ ಎನ್ನುತ್ತಾರೆ. ಸರ್ವೆ ನಂಬರು, ಕ್ಷೇತ್ರ, ಮಣ್ಣಿನ ಬಗೆ, ನೀರಿನ ಮೂಲ, ಬಿತ್ತಿದ ಬೆಳೆ, ಮಾಲೀಕನ ಹೆಸರು, ಬ್ಯಾಂಕಿನ ಬೋಜಾ ಎಲ್ಲವೂ ಒಂದೇ ಹಾಳೆಯಲ್ಲಿ ಸಿಗುತ್ತವೆ. ಅದೇ ಊರಿನಲ್ಲಿ ಸಾರ್ವಜನಿಕರ ಕೋಟಿಗಟ್ಟಲೆ ಹಣದಿಂದ ಎದ್ದು ನಿಂತ ಸರ್ಕಾರಿ ಕಟ್ಟಡವೊಂದರ ಬಗ್ಗೆ ಇಂಥದೇ ಒಂದು ಹಾಳೆಯನ್ನು ಕೇಳಿ ನೋಡಿ. ಅದರ ಪಾಯ ಎಷ್ಟು ಆಳ, ಯಾವ ಕಾಲಂನಲ್ಲಿ ಎಷ್ಟು ಕಬ್ಬಿಣ, ಚರಂಡಿಯ ಕೊಳವೆ ಯಾವ ಗೋಡೆಯೊಳಗೆ ಹಾದುಹೋಗಿದೆ, ಮಾಳಿಗೆಗೆ ನೀರು ನಿರೋಧಕ ಲೇಪ ಯಾವ ವರ್ಷ ಹಾಕಿದ್ದು ಎಂಬ ಪ್ರಶ್ನೆಗಳಿಗೆ ಉತ್ತರ ಬಲ್ಲವರು ಆ ಕಟ್ಟಡದಲ್ಲಿ ಬಹುಶಃ ಯಾರೂ ಇರುವುದಿಲ್ಲ. ಎರಡು ಎಕರೆ ಹೊಲಕ್ಕಿರುವಷ್ಟು ದಾಖಲೆ ಮೂರಂತಸ್ತಿನ ಕಚೇರಿಗೆ ಇಲ್ಲ.

ಈ ಪ್ರಶ್ನೆಯನ್ನು ಈಗ ಎತ್ತಲು ಕಾರಣವಿದೆ. 2017ರಲ್ಲಿ ಹೊಸ ತಾಲ್ಲೂಕುಗಳ ಪಟ್ಟಿಯಿಂದ ಹೆಸರು ಬಿಟ್ಟುಹೋದಾಗ ಮೂಡಲಗಿಯ ಜನ ಬೀದಿಗಿಳಿದು ಹೋರಾಡಿ ಅದನ್ನು ಮರಳಿ ಸೇರಿಸಿಕೊಂಡರು. 2018ರಲ್ಲಿ ಗೋಕಾಕದಿಂದ ಬೇರ್ಪಟ್ಟು ಮೂಡಲಗಿ ತಾಲ್ಲೂಕಾಯಿತು. ಹೊಸ ತಾಲ್ಲೂಕು ಎಂದರೆ ಹೊಸ ಫಲಕವಷ್ಟೇ ಅಲ್ಲವಷ್ಟೆ. ಆಡಳಿತ ಸೌಧ, ನ್ಯಾಯಾಲಯ, ಆಸ್ಪತ್ರೆ, ಖಜಾನೆ, ಉಪನೋಂದಣಿ ಕಚೇರಿ, ವಿದ್ಯಾರ್ಥಿ ನಿಲಯ, ಸಿಬ್ಬಂದಿಯ ವಸತಿಗೃಹ ಹೀಗೆ ಒಂದರ ಹಿಂದೊಂದು ಕಟ್ಟಡಗಳು ಅದಕ್ಕೆ ಬೇಕಾಗುತ್ತವೆ. ಹಳೆಯ ತಾಲ್ಲೂಕುಗಳಾದ ಗೋಕಾಕ ಮತ್ತು ಹುಕ್ಕೇರಿಯಲ್ಲಿ ದಶಕಗಳಿಂದ ಕಟ್ಟಿದ್ದನ್ನು ನಿರ್ವಹಿಸುವ ಸಮಸ್ಯೆ ಇದ್ದರೆ, ಮೂಡಲಗಿಯಲ್ಲಿ ಮೊದಲಿನಿಂದಲೇ ಸರಿಯಾಗಿ ಕಟ್ಟುವ ಅವಕಾಶವಿದೆ. ಇಂಥ ಅವಕಾಶ ಒಂದು ಊರಿಗೆ ನೂರು ವರ್ಷದಲ್ಲಿ ಒಮ್ಮೆ ಬರುತ್ತದೆ. ಅದನ್ನು ಹೇಗೆ ಬಳಸಿಕೊಳ್ಳಬೇಕೆಂಬ ಚರ್ಚೆ ಮಾತ್ರ ಎಲ್ಲಿಯೂ ನಡೆದಂತೆ ಕಾಣುವುದಿಲ್ಲ.

ಜಗತ್ತಿನ ಹಲವು ದೇಶಗಳು ಈ ಪ್ರಶ್ನೆಗೆ ಕಂಡುಕೊಂಡಿರುವ ಉತ್ತರದ ಹೆಸರು ಬಿಲ್ಡಿಂಗ್ ಇನ್‌ಫರ್ಮೇಷನ್ ಮಾಡೆಲಿಂಗ್, ಚಿಕ್ಕದಾಗಿ ಬಿಮ್. ಕಟ್ಟಡ ಮಾಹಿತಿ ಮಾದರಿ ಎಂದು ನಾವು ಕರೆಯಬಹುದು. ಹೆಸರು ಭಾರವಾಗಿದ್ದರೂ ವಿಚಾರ ಸರಳ. ಕಾಗದದ ನಕ್ಷೆಯಲ್ಲಿ ಗೋಡೆಯೆಂದರೆ ಎರಡು ಸಮಾನಾಂತರ ಗೆರೆಗಳು. ಅದನ್ನು ಗೋಡೆಯೆಂದು ಅರ್ಥ ಮಾಡಿಕೊಳ್ಳುವುದು ನೋಡುವವನ ಬುದ್ಧಿ. ಬಿಮ್‌ನಲ್ಲಿ ಗೋಡೆಯನ್ನು ಗೋಡೆಯೆಂದೇ ಗಣಕಯಂತ್ರಕ್ಕೆ ತಿಳಿಸಲಾಗುತ್ತದೆ. ಅದರ ದಪ್ಪ, ಎತ್ತರ, ಇಟ್ಟಿಗೆಯ ಬಗೆ, ಗಾರೆಯ ಪ್ರಮಾಣ, ಅದರಲ್ಲಿರುವ ಕಿಟಕಿ, ಅದರ ಮೇಲೆ ಕೂತಿರುವ ಬೀಮು ಎಲ್ಲವೂ ಅದಕ್ಕೆ ಅಂಟಿಕೊಂಡಿರುತ್ತವೆ. ಕಿಟಕಿಯನ್ನು ಒಂದು ಅಡಿ ಅಗಲ ಮಾಡಿದರೆ ಮೇಲ್ನೋಟದ ನಕ್ಷೆ, ಅಡ್ಡಕೊಯ್ತದ ನಕ್ಷೆ, ಇಟ್ಟಿಗೆಯ ಲೆಕ್ಕ, ಬಣ್ಣದ ಲೆಕ್ಕ ಎಲ್ಲವೂ ತಾವಾಗಿಯೇ ಬದಲಾಗುತ್ತವೆ.

ಗೋಕಾಕದ ಕುಶಲಕರ್ಮಿಗಳು ಮಾಡುವ ಹಣ್ಣಿನ ಬೊಂಬೆಗಳನ್ನು ಓದುಗರು ನೋಡಿರಬಹುದು. ನಿಜವಾದ ಹಣ್ಣೆಂದೇ ಭ್ರಮೆ ಹುಟ್ಟಿಸುವಷ್ಟು ನಯವಾದ ಕೆಲಸವದು. ಆದರೆ ಅದನ್ನು ಹೆಚ್ಚಿದರೆ ಒಳಗೆ ತಿರುಳೂ ಇಲ್ಲ, ಬೀಜವೂ ಇಲ್ಲ. ಬಡಾವಣೆಗಳ ಜಾಹೀರಾತಿನಲ್ಲಿ ಕಾಣುವ ಮೂರು ಆಯಾಮದ ಚಿತ್ರಗಳು ಈ ಬೊಂಬೆಗಳಂತೆ, ನೋಡುವುದಕ್ಕೆ ಮಾತ್ರ. ಬಿಮ್ ಮಾದರಿಯನ್ನು ಎಲ್ಲಿ ಕೊಯ್ದರೂ ಒಳಗಿನ ಕಬ್ಬಿಣ, ಕೊಳವೆ, ತಂತಿ ಕಾಣಬೇಕು. ಕಟ್ಟುವ ವೇಳಾಪಟ್ಟಿಯನ್ನೂ ವೆಚ್ಚವನ್ನೂ ಅದಕ್ಕೆ ಜೋಡಿಸಿದರೆ ಯಾವ ತಿಂಗಳಲ್ಲಿ ಎಷ್ಟು ಕೆಲಸ, ಎಷ್ಟು ಹಣ ಎಂಬುದೂ ಅಲ್ಲಿಯೇ ಸಿಗುತ್ತದೆ. ಇವುಗಳನ್ನು ತಂತ್ರಜ್ಞರು ನಾಲ್ಕನೆಯ ಮತ್ತು ಐದನೆಯ ಆಯಾಮಗಳೆನ್ನುತ್ತಾರೆ.

ಇದು ನಿನ್ನೆ ಮೊನ್ನೆ ಹುಟ್ಟಿದ ವಿಚಾರವೇನೂ ಅಲ್ಲ. 1970ರ ದಶಕದಲ್ಲಿಯೇ ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ ಕಟ್ಟಡದ ಪ್ರತಿಯೊಂದು ಭಾಗವನ್ನೂ ಗಣಕಯಂತ್ರದಲ್ಲಿ ವಿವರಿಸಿಡುವ ವ್ಯವಸ್ಥೆಯೊಂದನ್ನು ಪ್ರತಿಪಾದಿಸಿದ್ದರು. 1980ರ ದಶಕದಲ್ಲಿ ಹಂಗೇರಿಯಲ್ಲಿ ಆರ್ಕಿಕ್ಯಾಡ್, 2000ದಲ್ಲಿ ಅಮೆರಿಕದಲ್ಲಿ ರೆವಿಟ್ ಎಂಬ ತಂತ್ರಾಂಶಗಳು ಬಂದವು. ಒಂದು ತಂತ್ರಾಂಶದಲ್ಲಿ ಮಾಡಿದ್ದನ್ನು ಮತ್ತೊಂದರಲ್ಲಿ ಓದಲು ಐಎಫ್‌ಸಿ ಎಂಬ ಮುಕ್ತ ರೂಪವೂ ಸಿದ್ಧವಾಗಿ 2013ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅಂದರೆ ಸಾಧನಗಳ ಕೊರತೆ ಈಗಿಲ್ಲ. ಕೊರತೆ ಇರುವುದು ಅವುಗಳನ್ನು ಬಳಸಲೇಬೇಕೆಂಬ ನಿಯಮದಲ್ಲಿ.

ನಮ್ಮಲ್ಲಿ ಸಾರ್ವಜನಿಕ ಕಟ್ಟಡವೊಂದು ಹೇಗೆ ಏಳುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ವಾಸ್ತುಶಿಲ್ಪಿ ಒಂದು ನಕ್ಷೆ ಬರೆಯುತ್ತಾನೆ. ಕಬ್ಬಿಣ ಮತ್ತು ಕಾಂಕ್ರೀಟಿನ ವಿನ್ಯಾಸವನ್ನು ಮತ್ತೊಬ್ಬ ಎಂಜಿನಿಯರ್ ಮಾಡುತ್ತಾನೆ. ವಿದ್ಯುತ್ತಿನ ನಕ್ಷೆ ಬೇರೆ, ನೀರು ಮತ್ತು ಚರಂಡಿಯದು ಬೇರೆ. ಈ ನಾಲ್ಕೂ ಒಂದೇ ಮೇಜಿನ ಮೇಲೆ ಒಂದಾಗಿ ಕೂಡುವುದು ಅಪರೂಪ. ಇಲಾಖೆಯ ದರಪಟ್ಟಿ ಹಿಡಿದು ಅಂದಾಜುಪಟ್ಟಿ ತಯಾರಾಗುತ್ತದೆ. 1999ರ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಆಗುತ್ತದೆ. ಕಾಮಗಾರಿ ನಡೆದಂತೆ ಅಳತೆ ಪುಸ್ತಕದಲ್ಲಿ ಬರೆದು ಬಿಲ್ಲು ಪಾವತಿಸಲಾಗುತ್ತದೆ. ನಕ್ಷೆಗಳ ನಡುವಿನ ಜಗಳ ಬಯಲಾಗುವುದು ಸ್ಥಳದಲ್ಲಿ, ಅದೂ ಸ್ಲ್ಯಾಬು ಹಾಕಿದ ಮೇಲೆ. ಆಗ ತೀರ್ಪು ಕೊಡುವವನು ಗೌಂಡಿ ಇಲ್ಲವೇ ಪ್ಲಂಬರ್, ತೀರ್ಪಿನ ಸಾಧನ ಸುತ್ತಿಗೆ ಮತ್ತು ಉಳಿ.

ಈ ಮೂರು ತಾಲ್ಲೂಕುಗಳ ಓಡಾಟದಲ್ಲಿ ನಾನು ಕಂಡ ಒಂದು ಕಟ್ಟಡದ ಉದಾಹರಣೆ ಕೊಡಬಹುದು. ಅದು ಯಾವುದೆಂಬುದು ಇಲ್ಲಿ ಮುಖ್ಯವಲ್ಲ, ಏಕೆಂದರೆ ಅದರಂಥವು ಎಲ್ಲೆಡೆ ಇವೆ. ಶೌಚಾಲಯದ ಕೊಳವೆಗೆ ದಾರಿ ಬಿಟ್ಟಿರಲಿಲ್ಲವಾದ್ದರಿಂದ ಸ್ಲ್ಯಾಬನ್ನು ಬೀಮಿನ ಪಕ್ಕದಲ್ಲಿಯೇ ಒಡೆದು ತೂತು ಮಾಡಲಾಗಿತ್ತು. ಆ ತೂತಿನ ಸುತ್ತ ಮಳೆಗಾಲದಲ್ಲಿ ನೀರು ಜಿನುಗಿ ಕೆಳಗಿನ ಕೋಣೆಯ ಕಡತಗಳು ತೊಯ್ಯುತ್ತಿದ್ದವು. ಪ್ರತಿ ವರ್ಷ ಗಾರೆ ಮೆತ್ತುವುದು, ಪ್ರತಿ ವರ್ಷ ಸೋರುವುದು. ಕೊಳವೆ ಗೋಡೆಯೊಳಗೆ ಎಲ್ಲಿ ತಿರುಗುತ್ತದೆಂದು ತಿಳಿಯಲು ಎರಡು ಕಡೆ ಗೋಡೆಯನ್ನೂ ಕೆತ್ತಿ ನೋಡಿದ್ದರು. ಮೂಲ ನಕ್ಷೆ ಸಿಕ್ಕಿತ್ತಾದರೂ ಅದರಲ್ಲಿದ್ದಂತೆ ಕಟ್ಟಡವಿರಲಿಲ್ಲ. ಅಲ್ಲಿನ ನೌಕರರೊಬ್ಬರು ಹೇಳಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: ‘ಸಾಹೇಬ್ರ, ಕಟ್ಟಿದವರು ಹೋದ್ರು, ಬರಸಿಕೊಂಡವರು ವರ್ಗ ಆದ್ರು. ಈಗ ಗೋಡೀನ ಕೇಳಬೇಕು.’

ಗೋಡೆಯನ್ನು ಕೇಳುವ ಈ ಪದ್ಧತಿಯ ಬೆಲೆ ಎಷ್ಟು? ಭಾರತದ ಮಟ್ಟಿಗೆ ಇದನ್ನು ಹೇಳುವುದು ಕಷ್ಟ. ಆದರೆ ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ದಿಕ್ಕನ್ನು ತೋರಿಸುತ್ತದೆ. ಕಟ್ಟಡಗಳ ಮಾಹಿತಿ ಒಬ್ಬರಿಂದೊಬ್ಬರಿಗೆ ಸರಿಯಾಗಿ ದಾಟದ ಕಾರಣ ಆ ದೇಶದ ದೊಡ್ಡ ನಿರ್ಮಾಣ ವಲಯಕ್ಕೆ ವರ್ಷಕ್ಕೆ 15.8 ಬಿಲಿಯನ್ ಡಾಲರ್ ನಷ್ಟವಾಗುತ್ತಿದೆಯೆಂದು ಅದು ಅಂದಾಜು ಮಾಡಿತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಈ ನಷ್ಟದ ಸುಮಾರು ಮೂರನೆಯ ಎರಡು ಭಾಗ ಬಿದ್ದದ್ದು ವಿನ್ಯಾಸಕಾರರ ಮೇಲೂ ಅಲ್ಲ, ಗುತ್ತಿಗೆದಾರರ ಮೇಲೂ ಅಲ್ಲ. ಕಟ್ಟಡದ ಮಾಲೀಕರು ಮತ್ತು ಅದನ್ನು ನಡೆಸುವವರೇ ಅದನ್ನು ಹೊತ್ತರು. ಸಾರ್ವಜನಿಕ ಕಟ್ಟಡದ ಮಾಲೀಕರು ಯಾರೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಗೋಕಾಕದ ಮಟ್ಟಿಗೆ ಈ ವಿಷಯ ಸೋರುವ ಮಾಳಿಗೆಗಿಂತ ದೊಡ್ಡದು. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಮತ್ತು ಮಾರ್ಕಂಡೇಯ ನದಿಗಳು ಉಕ್ಕಿ ಪಟ್ಟಣದ ತಗ್ಗು ಪ್ರದೇಶಗಳು ಮುಳುಗಿದವು. ಲೋಳಸೂರ ಸೇತುವೆಯ ಮೇಲೆ ನೀರು ಹರಿದು ಸಂಪರ್ಕ ಕಡಿಯಿತು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ಸಾಮರ್ಥ್ಯ 51 ಟಿಎಂಸಿ ಅಡಿ. ಅದು ತುಂಬಿ ಹೊರಬಿಟ್ಟ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯದ ನೀರೂ ಸೇರಿಕೊಂಡರೆ ಗೋಕಾಕ ಮತ್ತು ಮೂಡಲಗಿಯ ನದಿತೀರದ ಊರುಗಳ ಗತಿ ಏನೆಂಬುದನ್ನು ಆ ವರ್ಷ ಎಲ್ಲರೂ ಕಂಡರು. 2024ರ ಜುಲೈನಲ್ಲಿ ಮತ್ತೆ ನೀರು ಬಂತು. ಅಂದರೆ ಇದು ಜೀವಮಾನದಲ್ಲಿ ಒಮ್ಮೆ ಬರುವ ಆಪತ್ತೆಂದು ಕೈಕಟ್ಟಿ ಕೂರುವಂತಿಲ್ಲ.

ಪ್ರವಾಹದ ದಿನ ತಹಶೀಲ್ದಾರರಿಗೆ ಬೇಕಾಗುವುದು ಬಹಳ ಸರಳವಾದ ಮಾಹಿತಿ. ಯಾವ ಶಾಲೆಯ ನೆಲಮಟ್ಟ ನೀರಿನ ಮಟ್ಟಕ್ಕಿಂತ ಮೇಲಿದೆ? ಅಲ್ಲಿ ಎಷ್ಟು ಕೋಣೆ, ಎಷ್ಟು ಶೌಚಾಲಯ, ಎಷ್ಟು ನೀರಿನ ತೊಟ್ಟಿ? ಆಸ್ಪತ್ರೆಯ ಜನರೇಟರ್ ಮತ್ತು ವಿದ್ಯುತ್ ಫಲಕ ನೆಲಮಹಡಿಯಲ್ಲಿವೆಯೋ ಮೇಲಿವೆಯೋ? ಇವು ಎಂಜಿನಿಯರಿಂಗ್‌ನ ಗಹನ ಪ್ರಶ್ನೆಗಳಲ್ಲ. ಆದರೂ ಮೂರು ತಾಲ್ಲೂಕುಗಳ ಎಲ್ಲ ಸಾರ್ವಜನಿಕ ಕಟ್ಟಡಗಳ ಬಗ್ಗೆ ಇವುಗಳಿಗೆ ಒಂದೇ ಕಡೆ ಉತ್ತರ ಸಿಗುವ ವ್ಯವಸ್ಥೆ ಬೇಕಲ್ಲವೇ? ಪ್ರತಿ ಕಟ್ಟಡದ ಮಾದರಿಯಲ್ಲಿ ನೆಲಮಟ್ಟವನ್ನು ಸಮುದ್ರಮಟ್ಟಕ್ಕೆ ಹೋಲಿಸಿ ದಾಖಲಿಸಿಟ್ಟರೆ, ಅಣೆಕಟ್ಟಿನಿಂದ ಇಷ್ಟು ಕ್ಯುಸೆಕ್ ನೀರು ಬಿಡುತ್ತೇವೆಂಬ ಸೂಚನೆ ಬಂದ ಕೂಡಲೇ ಯಾವ ಕಟ್ಟಡಕ್ಕೆ ಜನರನ್ನು ಕಳಿಸಬೇಕು, ಯಾವುದರಿಂದ ಹೊರತರಬೇಕು ಎಂಬುದು ಗೊತ್ತಾಗುತ್ತದೆ.

ಪ್ರವಾಹ ಇಳಿದ ಮೇಲೆ ಬರುವುದು ಪರಿಹಾರದ ಪ್ರಶ್ನೆ. 2019ರಲ್ಲಿ ಸರ್ಕಾರ ಹಾನಿಯ ಪ್ರಮಾಣವನ್ನು ನೋಡಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಘೋಷಣೆ ಉದಾರವಾದದ್ದೇ. ಆದರೆ ಬಿದ್ದ ಮಣ್ಣಿನ ಗೋಡೆಯ ಮುಂದೆ ನಿಂತು, ಇದು ಮೊದಲು ಎಷ್ಟು ಅಂಕಣದ ಮನೆಯಾಗಿತ್ತು, ಹಾನಿ ಶೇ 70ರಷ್ಟೋ ಶೇ 80ರಷ್ಟೋ ಎಂದು ನಿರ್ಧರಿಸುವುದು ಹೇಗೆ? ಮೊದಲಿನ ಸ್ಥಿತಿಯ ದಾಖಲೆ ಇಲ್ಲದಿದ್ದಾಗ ತೀರ್ಮಾನ ಅಳೆಯಲು ಬಂದವನ ಕಣ್ಣಳತೆಗೆ ಬಿಟ್ಟದ್ದು. ಒಂದು ಅಕ್ಷರದ ವ್ಯತ್ಯಾಸದಿಂದ ಒಂದು ಕುಟುಂಬದ ಮುಂದಿನ ಹತ್ತು ವರ್ಷ ನಿರ್ಧಾರವಾಗುತ್ತದೆ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಗ್ರಾಮಠಾಣದ ಆಸ್ತಿಗಳನ್ನು ಅಳೆಯಲಾಗುತ್ತಿದೆ. ಇದು ಒಳ್ಳೆಯ ಹೆಜ್ಜೆ. ಆದರೆ ಅದು ಜಾಗದ ಗಡಿಯನ್ನು ಹೇಳುತ್ತದೆ, ಗೋಡೆಯ ಒಳಗಿನದನ್ನು ಹೇಳದು. ಪ್ರತಿ ಬಡವನ ಮನೆಗೂ ಬಿಮ್ ಮಾದರಿ ಬೇಕೆಂದು ನಾನು ವಾದಿಸುತ್ತಿಲ್ಲ. ಸರ್ಕಾರದ ಹಣದಿಂದ ಹೊಸದಾಗಿ ಕಟ್ಟಿಸಿಕೊಡುವ ಮನೆಗಾದರೂ ಒಂದು ಸರಳ ಮಾದರಿ ಇದ್ದರೆ ಮುಂದಿನ ಪ್ರವಾಹದಲ್ಲಿ ಕಣ್ಣಳತೆಯ ನ್ಯಾಯ ತಪ್ಪುತ್ತದೆ.

ಇನ್ನು ಮಣ್ಣಿನ ಮಾತು. ಮೂಡಲಗಿ ಮತ್ತು ಗೋಕಾಕದ ಕಾಲುವೆ ನೀರಿನ ಪ್ರದೇಶದಲ್ಲಿ ಎರೆ ಭೂಮಿ ಬಹಳ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುವ ಈ ಮಣ್ಣು ಕಬ್ಬಿಗೆ ಒಳ್ಳೆಯದು, ಪಾಯಕ್ಕೆ ಕೆಟ್ಟದ್ದು. ಇದಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಕೆಳಭಾಗದಲ್ಲಿ ಗಡ್ಡೆಯಂತೆ ಅಗಲವಾಗುವ ಪೈಲ್ ಪಾಯವನ್ನು ಬಹಳ ಹಿಂದೆಯೇ ಅಭಿವೃದ್ಧಿಪಡಿಸಿದೆ. ಹುಕ್ಕೇರಿಯ ಪಶ್ಚಿಮದ ಗುಡ್ಡದ ಅಂಚಿನಲ್ಲಿ ಪರಿಸ್ಥಿತಿ ಬೇರೆ. ಆದರೆ ಸರ್ಕಾರದ ಶಾಲಾ ಕೋಣೆ, ಅಂಗನವಾಡಿ, ಆರೋಗ್ಯ ಕೇಂದ್ರಗಳಿಗೆ ಒಂದೇ ಮಾದರಿ ನಕ್ಷೆಯನ್ನು ಊರೂರಿಗೆ ಹಂಚುವ ರೂಢಿ ನಮ್ಮಲ್ಲಿದೆ. ನಕ್ಷೆ ಒಂದೇ ಆಗಿರುವುದು ತಪ್ಪಲ್ಲ, ಮಣ್ಣಿಗೆ ತಕ್ಕಂತೆ ಪಾಯ ಬದಲಾಗದಿರುವುದು ತಪ್ಪು.

ಬಿಮ್‌ಗೆ ಇರುವ ದೊಡ್ಡ ಆಕ್ಷೇಪಕ್ಕೆ ಉತ್ತರ ಇಲ್ಲಿಯೇ ಅಡಗಿದೆ. ಇದು ವಿಮಾನ ನಿಲ್ದಾಣ, ಮೆಟ್ರೊಗಳಿಗೆ ಸರಿ, ತಾಲ್ಲೂಕಿನ ಎರಡಂತಸ್ತಿನ ಕಟ್ಟಡಕ್ಕೆ ಇಷ್ಟೆಲ್ಲ ಏಕೆ ಎಂಬುದು ಆ ಆಕ್ಷೇಪ. ನಾಗಪುರ ಮೆಟ್ರೊ ಐದು ಆಯಾಮಗಳ ಬಿಮ್ ಬಳಸಿದೆ. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್‌ನ ನಿರ್ಮಾಣದಲ್ಲಿಯೂ ಅದು ಬಳಕೆಯಾಗಿದೆ. ದೊಡ್ಡ ಯೋಜನೆಗೆ ಮಾದರಿಯ ವೆಚ್ಚ ಹೊರೆಯಲ್ಲ, ಸಣ್ಣ ಕಟ್ಟಡಕ್ಕೆ ಹೊರೆ ಎನ್ನುವುದು ಒಂಟಿ ಕಟ್ಟಡದ ಮಟ್ಟಿಗೆ ನಿಜವಿರಬಹುದು. ಆದರೆ ಸರ್ಕಾರ ಒಂಟಿ ಕಟ್ಟಡ ಕಟ್ಟುವುದಿಲ್ಲ. 2022ರಲ್ಲಿ ‘ವಿವೇಕ’ ಯೋಜನೆಯಡಿ ರಾಜ್ಯದಲ್ಲಿ 7 ಸಾವಿರಕ್ಕೂ ಹೆಚ್ಚು ಶಾಲಾ ಕೋಣೆಗಳನ್ನು ಕಟ್ಟುವ ಕಾರ್ಯಕ್ರಮ ಪ್ರಕಟವಾಯಿತು. ಒಂದು ಕೋಣೆಯ ಮಾದರಿಯನ್ನು ಚೆನ್ನಾಗಿ ಮಾಡಿ, ಮೂರು ನಾಲ್ಕು ಬಗೆಯ ಮಣ್ಣಿಗೆ ಮೂರು ನಾಲ್ಕು ಬಗೆಯ ಪಾಯ ಸೇರಿಸಿಟ್ಟಿದ್ದರೆ ಅದರ ವೆಚ್ಚ 7 ಸಾವಿರ ಕೋಣೆಗಳಲ್ಲಿ ಹಂಚಿಹೋಗಿ ಲೆಕ್ಕಕ್ಕೇ ಬರುತ್ತಿರಲಿಲ್ಲ. ಆಗ ನಮ್ಮ ರಾಜಕೀಯ ವಲಯದಲ್ಲಿ ವಾರಗಟ್ಟಲೆ ನಡೆದ ಚರ್ಚೆ ಯಾವುದೆಂಬುದು ಓದುಗರಿಗೆ ನೆನಪಿರಬಹುದು. ಆ ಕೋಣೆಗಳಿಗೆ ಕೇಸರಿ ಬಣ್ಣ ಬಳಿಯಬೇಕೇ ಬೇಡವೇ ಎಂಬುದು. ಬಣ್ಣದ ಕೆಳಗಿನ ಗೋಡೆಯ ಬಗ್ಗೆ, ಗೋಡೆಯ ಕೆಳಗಿನ ಪಾಯದ ಬಗ್ಗೆ ಎರಡೂ ಕಡೆಯವರು ಮಾತನಾಡಲಿಲ್ಲ.

ಹಾಗೆಂದು ಬಿಮ್ ಎಲ್ಲ ರೋಗಕ್ಕೂ ಮದ್ದೆಂದು ಹೇಳುವುದು ಮೋಸವಾದೀತು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಜನ ಸತ್ತರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಇಂಥದೇ ದುರಂತ ನಡೆಯಿತು. ಕಬ್ಬಿಣ ಕಡಿಮೆ ಹಾಕಲು ನಿರ್ಧರಿಸಿದವನನ್ನು, ಅನುಮತಿ ಇಲ್ಲದೆ ಅಂತಸ್ತು ಏರಿಸುವವನನ್ನು, ಕಣ್ಣುಮುಚ್ಚಿ ಸಹಿ ಹಾಕುವವನನ್ನು ಯಾವ ತಂತ್ರಾಂಶವೂ ತಡೆಯಲಾರದು. ಅದು ಮಾಡಬಲ್ಲದ್ದು ಇಷ್ಟೆ: ಯಾರು ಏನನ್ನು ನಿರ್ಧರಿಸಿದರು, ಯಾವಾಗ ಬದಲಿಸಿದರು, ಯಾರು ಒಪ್ಪಿದರು ಎಂಬುದು ಅಳಿಸಲಾಗದಂತೆ ಉಳಿಯುತ್ತದೆ. ನಕ್ಷೆ ಕಳೆದುಹೋಗಿದೆ ಎಂಬ ಉತ್ತರಕ್ಕೆ ಅವಕಾಶವಿರುವುದಿಲ್ಲ.

ಇಂಗ್ಲೆಂಡ್ ಈ ಪಾಠವನ್ನು ಬಹಳ ದೊಡ್ಡ ಬೆಲೆ ತೆತ್ತು ಕಲಿಯಿತು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 72 ಜನ ಸತ್ತರು. ನವೀಕರಣದ ಹೆಸರಿನಲ್ಲಿ ಹೊರಗೋಡೆಗೆ ಹಚ್ಚಿದ ಹೊದಿಕೆಯೇ ಬೆಂಕಿಯನ್ನು ಮೇಲಕ್ಕೆ ಹರಡಿತ್ತು. ಆನಂತರ ಜೂಡಿತ್ ಹ್ಯಾಕಿಟ್ ಅವರು ನಡೆಸಿದ ಪರಿಶೀಲನೆಯ 2018ರ ವರದಿ ಕಟ್ಟಡದ ಹುಟ್ಟಿನಿಂದ ಕೊನೆಯವರೆಗೆ ಅದರ ಮಾಹಿತಿ ಎಳೆ ಕಡಿಯದಂತೆ ಸಾಗಬೇಕೆಂದು ಒತ್ತಿಹೇಳಿತು. ಇದನ್ನು ಅವರು ಚಿನ್ನದ ಎಳೆ ಎಂದು ಕರೆದರು. 2022ರ ಕಟ್ಟಡ ಸುರಕ್ಷತಾ ಕಾಯ್ದೆಯ ಅಡಿಯಲ್ಲಿ ಎತ್ತರದ ವಸತಿ ಕಟ್ಟಡಗಳಿಗೆ ಇದು ಕಡ್ಡಾಯವಾಯಿತು. ಅದಕ್ಕೂ ಮುಂಚೆಯೇ, 2011ರಲ್ಲಿ, ಐದು ವರ್ಷದ ನಂತರ ಕೇಂದ್ರ ಸರ್ಕಾರದ ಕಾಮಗಾರಿಗಳಿಗೆ ಬಿಮ್ ಬೇಕೇಬೇಕೆಂದು ಆ ದೇಶ ಪ್ರಕಟಿಸಿ 2016ರಲ್ಲಿ ಜಾರಿಗೆ ತಂದಿತ್ತು. ಸಿಂಗಪುರ 2013ರಲ್ಲಿ ದೊಡ್ಡ ಕಟ್ಟಡಗಳಿಂದ ಆರಂಭಿಸಿ 2015ರ ಹೊತ್ತಿಗೆ 5,000 ಚದರ ಮೀಟರ್ ಮೀರಿದ ಹೊಸ ಕಟ್ಟಡಗಳ ಅನುಮತಿಗೆ ಬಿಮ್ ಮಾದರಿಯನ್ನೇ ಕೇಳತೊಡಗಿತು. ಎರಡೂ ಕಡೆ ಕಾಣುವ ಜಾಣತನವೆಂದರೆ ಮೊದಲೇ ಗಡುವು ಹೇಳಿ, ಕಲಿಯಲು ಕಾಲಾವಕಾಶ ಕೊಟ್ಟು, ನಂತರ ಹಿಂದೆ ಸರಿಯದಿದ್ದದ್ದು.

ನಮಗೆ ಹೊರಗಿನ ಉದಾಹರಣೆಯೇ ಬೇಕೆಂದಿಲ್ಲ. ಕರ್ನಾಟಕವೇ ಇಂಥ ಕೆಲಸವನ್ನು ಒಮ್ಮೆ ಮಾಡಿ ತೋರಿಸಿದೆ. ‘ಭೂಮಿ’ ಯೋಜನೆಯಲ್ಲಿ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದ್ದು ಈ ಶತಮಾನದ ಆರಂಭದ ಮಾತು. ಅಂದಿನ ದಿನಗಳಲ್ಲಿ ತಾಲ್ಲೂಕು ಕಚೇರಿಯಲ್ಲಿ ಗಣಕಯಂತ್ರವೇ ಅಪರೂಪ. ಹಳ್ಳಿಯ ರೈತನಿಗೆ ಇದೆಲ್ಲ ಏಕೆ ಎಂದು ಆಗಲೂ ಕೇಳಲಾಗಿತ್ತು. ಆ ಯೋಜನೆಯ ಗುಟ್ಟು ಗಣಕಯಂತ್ರದಲ್ಲಿರಲಿಲ್ಲ. ಕೈಬರಹದ ಪಹಣಿಗೆ ಇನ್ನು ಮಾನ್ಯತೆ ಇಲ್ಲ ಎಂದು ಸರ್ಕಾರ ಹೇಳಿದ ದಿನವೇ ಅದು ಗೆದ್ದದ್ದು. ಹಳೆಯ ದಾರಿಯನ್ನು ಮುಚ್ಚದೆ ಹೊಸ ದಾರಿ ತೆರೆದಿದ್ದರೆ ಎಲ್ಲರೂ ಹಳೆಯದರಲ್ಲಿಯೇ ನಡೆಯುತ್ತಿದ್ದರು. ಹಳೆಯ ಉತಾರದಲ್ಲಿದ್ದ ತಪ್ಪುಗಳು ಹೊಸದಕ್ಕೂ ದಾಟಿ ತಿದ್ದುಪಡಿಗಾಗಿ ರೈತರು ಅಲೆದದ್ದೂ ನಿಜ. ತಪ್ಪು ಮಾಹಿತಿ ಗಣಕಯಂತ್ರಕ್ಕೆ ಏರಿದರೆ ಅದಕ್ಕೆ ಇನ್ನಷ್ಟು ಗಾಂಭೀರ್ಯ ಬರುತ್ತದೆಯೇ ಹೊರತು ಸತ್ಯವಾಗುವುದಿಲ್ಲ. ಕಟ್ಟಡದ ವಿಷಯದಲ್ಲಿಯೂ ಎರಡೂ ಪಾಠ ಅನ್ವಯಿಸುತ್ತವೆ.

ಕಟ್ಟಿದ ನಂತರದ ನಿರ್ವಹಣೆಯ ಬಗ್ಗೆ ನಮ್ಮ ಉದಾಸೀನಕ್ಕೆ ಜಿಲ್ಲೆಯ ದೊಡ್ಡ ಕಟ್ಟಡವೇ ಸಾಕ್ಷಿ. ಬೆಳಗಾವಿಯ ಸುವರ್ಣ ವಿಧಾನಸೌಧ 2012ರ ಅಕ್ಟೋಬರ್ 11ರಂದು ಉದ್ಘಾಟನೆಯಾಯಿತು. ವರ್ಷದಲ್ಲಿ ಕೆಲವೇ ದಿನ ಅಧಿವೇಶನ ನಡೆಯುವ ಆ ಸೌಧದ ನಿರ್ವಹಣಾ ವೆಚ್ಚ ಚಳಿಗಾಲದ ಅಧಿವೇಶನ ಬಂದಾಗಲೆಲ್ಲ ಚರ್ಚೆಯಾಗುತ್ತದೆ, ಅಧಿವೇಶನ ಮುಗಿದ ಮೇಲೆ ಮರೆತುಹೋಗುತ್ತದೆ. ಶಂಕುಸ್ಥಾಪನೆಗೆ ಮತ್ತು ಉದ್ಘಾಟನೆಗೆ ನಮ್ಮಲ್ಲಿ ಕಲ್ಲು ನೆಡುತ್ತಾರೆ. ಅವೆರಡರ ನಂತರದ ಐವತ್ತು ವರ್ಷಕ್ಕೆ ಕಲ್ಲೂ ಇಲ್ಲ, ಲೆಕ್ಕವೂ ಇಲ್ಲ. ಪಂಪು ಯಾವಾಗ ಕೊಂಡದ್ದು, ಅದರ ಖಾತರಿ ಯಾವಾಗ ಮುಗಿಯುತ್ತದೆ, ಲಿಫ್ಟಿನ ತಪಾಸಣೆ ಯಾವ ತಿಂಗಳು ಎಂಬಂಥ ಸಂಗತಿಗಳು ಮಾದರಿಯಲ್ಲಿ ದಾಖಲಾಗಿದ್ದರೆ ನಿರ್ವಹಣೆಗೆ ಮುಂಚಿತವಾಗಿ ಹಣ ತೆಗೆದಿಡಬಹುದು. ಕೆಟ್ಟ ಮೇಲೆ ಓಡಾಡುವ ಬದಲು ಕೆಡುವ ಮೊದಲೇ ಸರಿಪಡಿಸಬಹುದು.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದಾಗಿ, ಸರ್ಕಾರ ಮತ್ತೆ ಮತ್ತೆ ಕಟ್ಟುವ ಶಾಲಾ ಕೋಣೆ, ಅಂಗನವಾಡಿ, ಆರೋಗ್ಯ ಕೇಂದ್ರ, ವಿದ್ಯಾರ್ಥಿ ನಿಲಯಗಳ ಮಾದರಿ ನಕ್ಷೆಗಳನ್ನು ಬಿಮ್‌ಗೆ ಪರಿವರ್ತಿಸಬೇಕು. ಇದನ್ನು ರಾಜ್ಯಮಟ್ಟದಲ್ಲಿ ಒಮ್ಮೆ ಮಾಡಿದರೆ ಸಾಕು. ಎರಡನೆಯದಾಗಿ, ಒಂದು ನಿರ್ದಿಷ್ಟ ಮೊತ್ತಕ್ಕಿಂತ ದೊಡ್ಡ ಕಾಮಗಾರಿಗಳಿಗೆ ಮೂರು ಅಥವಾ ಐದು ವರ್ಷದ ಗಡುವು ಪ್ರಕಟಿಸಿ ಬಿಮ್ ಕಡ್ಡಾಯ ಮಾಡಬೇಕು. ಮೂರನೆಯದಾಗಿ, ಮಾದರಿಯ ಮಾಲೀಕತ್ವ ಸರ್ಕಾರದ್ದಾಗಿರಬೇಕು. ಅದು ಮುಕ್ತ ರೂಪದಲ್ಲಿರಬೇಕು. ಇಲ್ಲವಾದರೆ ಒಂದು ತಂತ್ರಾಂಶ ಕಂಪನಿಗೆ ನಮ್ಮ ಕಟ್ಟಡಗಳ ಬೀಗದ ಕೈಯನ್ನು ಶಾಶ್ವತವಾಗಿ ಒಪ್ಪಿಸಿದಂತೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ: ಕಟ್ಟಡ ವಾಸ್ತವವಾಗಿ ಹೇಗೆ ಕಟ್ಟಲ್ಪಟ್ಟಿತೋ ಹಾಗೆ ತಿದ್ದಿದ ಮಾದರಿಯನ್ನು ಒಪ್ಪಿಸಿ, ಅದನ್ನು ಸ್ಥಳದಲ್ಲಿ ತಾಳೆ ನೋಡಿದ ಮೇಲೆಯೇ ಅಂತಿಮ ಬಿಲ್ಲು ಪಾವತಿಯಾಗಬೇಕು. ಕೈಬರಹದ ಪಹಣಿಯನ್ನು ನಿಲ್ಲಿಸಿದಂತೆ ಈ ಬಾಗಿಲನ್ನೂ ಮುಚ್ಚಬೇಕು. ನ್ಯಾಯಾಲಯ, ಖಜಾನೆಯಂಥ ಕಟ್ಟಡಗಳ ಸುರಕ್ಷತೆಯ ವಿವರಗಳನ್ನು ಬಿಟ್ಟು ಉಳಿದ ಪ್ರಮಾಣ ಮತ್ತು ವೆಚ್ಚದ ಲೆಕ್ಕ ಸಾರ್ವಜನಿಕರಿಗೆ ಸಿಗುವಂತಿರಬೇಕು.

ಇದರಿಂದ ತೊಂದರೆಯಾಗುವವರು ಇದ್ದಾರೆ. ನಕ್ಷೆ ಅಸ್ಪಷ್ಟವಾಗಿದ್ದಷ್ಟೂ ಹೆಚ್ಚುವರಿ ಕೆಲಸದ ಹೆಸರಿನಲ್ಲಿ ಬಿಲ್ಲು ಬೆಳೆಸಲು ಅವಕಾಶ. ಟೆಂಡರಿನಲ್ಲಿ ಕಡಿಮೆ ದರ ಹಾಕಿ, ನಂತರ ಹೆಚ್ಚುವರಿಯಲ್ಲಿ ತುಂಬಿಕೊಳ್ಳುವ ಲೆಕ್ಕಾಚಾರ ಮಾಡುವವರಿಗೆ ಪ್ರತಿ ಇಟ್ಟಿಗೆಯ ಲೆಕ್ಕ ಮೊದಲೇ ಗೊತ್ತಿರುವುದು ಹಿತವಾಗಲಾರದು. ಆದರೆ ಎಲ್ಲ ಗುತ್ತಿಗೆದಾರರೂ ಅಂಥವರಲ್ಲ. ತಾಲ್ಲೂಕು ಮಟ್ಟದ ಸಣ್ಣ ಗುತ್ತಿಗೆದಾರನಿಗೆ ದುಬಾರಿ ತಂತ್ರಾಂಶ ಕೊಳ್ಳುವ ಶಕ್ತಿ ಇಲ್ಲ ಎಂಬುದು ನ್ಯಾಯವಾದ ಆತಂಕ. ಬಿಮ್ ಹೆಸರಿನಲ್ಲಿ ಸ್ಥಳೀಯರನ್ನು ಹೊರಗಿಟ್ಟು ದೊಡ್ಡ ಕಂಪನಿಗಳಿಗೆ ಮಣೆ ಹಾಕಿದಂತಾಗಬಾರದು. ಆದ್ದರಿಂದ ಮಾದರಿಯನ್ನು ಮಾಡುವ ಮತ್ತು ತಿದ್ದುವ ಹೊಣೆಯನ್ನು ಇಲಾಖೆಯೇ ಹೊರಬೇಕು. ಗುತ್ತಿಗೆದಾರ ಅದನ್ನು ಫೋನಿನಲ್ಲೋ ಟ್ಯಾಬ್ಲೆಟ್‌ನಲ್ಲೋ ತೆರೆದು ನೋಡಿ ಕೆಲಸ ಮಾಡಿದರೆ ಸಾಕು. ಮಾದರಿಯನ್ನು ನೋಡಲು ಉಚಿತ ತಂತ್ರಾಂಶಗಳಿವೆ.

ಕೆಲಸ ಬಲ್ಲವರು ಎಲ್ಲಿದ್ದಾರೆ ಎಂಬ ಪ್ರಶ್ನೆಗೂ ಉತ್ತರ ದೂರದಲ್ಲಿಲ್ಲ. ರಾಜ್ಯದ ಎಂಜಿನಿಯರಿಂಗ್ ಶಿಕ್ಷಣವನ್ನು ನಿಯಂತ್ರಿಸುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಬೆಳಗಾವಿಯಲ್ಲಿಯೇ ಇದೆ. ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲಿ 1996ರಿಂದ ಎಂಜಿನಿಯರಿಂಗ್ ಕಾಲೇಜು ನಡೆಯುತ್ತಿದೆ. ಈ ಭಾಗದ ಹುಡುಗ ಹುಡುಗಿಯರು ಸಿವಿಲ್ ಪದವಿ ಪಡೆದು ಪುಣೆ, ಬೆಂಗಳೂರಿಗೆ ಹೋಗಿ ಹೊರದೇಶದ ಕಟ್ಟಡಗಳಿಗೆ ಬಿಮ್ ಮಾದರಿ ಮಾಡಿಕೊಡುವ ಕೆಲಸಕ್ಕೆ ಸೇರುವುದನ್ನು ನಾನು ಬಲ್ಲೆ. ದೂರದ ಕಡಲಾಚೆಯ ಆಸ್ಪತ್ರೆಯ ಕೊಳವೆ ಎಲ್ಲಿ ಹಾದುಹೋಗುತ್ತದೆಂದು ತಿಳಿದಿರುವ ಆ ಮಕ್ಕಳಿಗೆ ತಮ್ಮ ಊರಿನ ಆಸ್ಪತ್ರೆಯ ಕೊಳವೆ ಎಲ್ಲಿದೆಯೆಂದು ತಿಳಿಯದು. ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಮೂರು ತಾಲ್ಲೂಕುಗಳ ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಅಳೆದು ಮಾದರಿ ಮಾಡುವ ಕೆಲಸವನ್ನೇ ಪ್ರಾಜೆಕ್ಟ್ ಆಗಿ ಕೊಟ್ಟರೆ ಅವರಿಗೂ ಅನುಭವ, ಊರಿಗೂ ದಾಖಲೆ.

ಈ ನೆಲಕ್ಕೆ ಹೊಸ ತಂತ್ರಜ್ಞಾನ ಹೊಸದಲ್ಲ ಎಂಬುದನ್ನೂ ನೆನೆಯಬೇಕು. 1887ರಲ್ಲಿಯೇ ಘಟಪ್ರಭೆಯ ನೀರಿನ ಬಲದಿಂದ ಗೋಕಾಕ ಫಾಲ್ಸ್‌ನಲ್ಲಿ ನೂಲಿನ ಗಿರಣಿ ತಿರುಗತೊಡಗಿತ್ತು. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಸ್ಥಾಪನೆಯಾದಾಗ ದೇಶದಲ್ಲಿ ಅಂಥ ಪ್ರಯೋಗಗಳು ಬೆರಳೆಣಿಕೆಯಷ್ಟು. ವಿದ್ಯುತ್ ಹಂಚಿಕೆಯಂಥ ಕೆಲಸವನ್ನು ತಾಲ್ಲೂಕಿನ ಜನರೇ ಸಹಕಾರಿ ತತ್ವದಲ್ಲಿ ನಡೆಸಬಲ್ಲರೆಂದು ಹುಕ್ಕೇರಿ ತೋರಿಸಿತು. ಇಂಥ ಪ್ರಯೋಗಶೀಲತೆ ಇರುವ ಮೂರು ತಾಲ್ಲೂಕುಗಳನ್ನು ರಾಜ್ಯ ಸರ್ಕಾರ ಪ್ರಾಯೋಗಿಕ ಕ್ಷೇತ್ರವಾಗಿ ಆರಿಸಿಕೊಳ್ಳಬಾರದೇಕೆ? ಹೊಸ ಕಟ್ಟಡಕ್ಕೆ ಮೂಡಲಗಿ, ಪ್ರವಾಹದ ಸಿದ್ಧತೆಗೆ ಗೋಕಾಕ, ಹಳೆಯ ಕಟ್ಟಡಗಳ ನಿರ್ವಹಣೆಗೆ ಹುಕ್ಕೇರಿ. ಮೂರು ವರ್ಷ ನಡೆಸಿ, ಲಾಭ ನಷ್ಟವನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿ, ಫಲ ಕಂಡರೆ ರಾಜ್ಯಕ್ಕೆ ವಿಸ್ತರಿಸಲಿ, ಕಾಣದಿದ್ದರೆ ಕೈಬಿಡಲಿ.

ಮೂಡಲಗಿಯ ಜನ ತಾಲ್ಲೂಕಿಗಾಗಿ ಹೋರಾಡುವಾಗ ಕೇಳಿದ್ದು ಒಂದು ಕಚೇರಿಯನ್ನಲ್ಲ, ತಮ್ಮ ಕೆಲಸ ತಮ್ಮ ಊರಿನಲ್ಲಿಯೇ ಆಗಬೇಕೆಂಬ ಹಕ್ಕನ್ನು. ಆ ಹಕ್ಕು ನೆಲೆಸುವುದು ಕಟ್ಟಡಗಳಲ್ಲಿ. ಅವು ಸೋರದೆ, ಮುಳುಗದೆ, ಬಿರುಕು ಬಿಡದೆ ಮುಂದಿನ ತಲೆಮಾರಿಗೂ ಉಳಿಯಬೇಕಾದರೆ ಅವುಗಳ ಒಳಗೇನಿದೆ ಎಂಬುದು ಯಾರಿಗಾದರೂ ತಿಳಿದಿರಬೇಕು. ಮುಂದಿನ ಟೆಂಡರ್ ಪ್ರಕಟಣೆ ಬಂದಾಗ ಮೊತ್ತ ಎಷ್ಟು, ಗುತ್ತಿಗೆ ಯಾರಿಗೆ ಎಂದು ಕೇಳುವುದರ ಜೊತೆಗೆ ಕಟ್ಟಡದ ಉತಾರ ಯಾವಾಗ ಕೊಡುತ್ತೀರಿ ಎಂದೂ ನಾಗರಿಕರು ಕೇಳಲಿ. ಆ ಪ್ರಶ್ನೆ ಕೇಳಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ.